ಹಗೇವಿಗೆ ಇಳಿದ ಡಬ್ಬಿ

ಸಿಂದಗಿ
೧೨ ಜೂನ್ ೨೦೨೩

ಸನ್ಮಾನ್ಯ ಅಧ್ಯಕ್ಷರೆ, ವೇದಿಕೆಯನ್ನು ಅಲಂಕರಿಸಿದ ಗಣ್ಯರೆ, ಪತ್ರಿಕಾ ಮಿತ್ರರೆ, ಭಾಷಣ ಮುಗಿದರೆ ಊಟ ಬಡಿಸುತ್ತಾರೆಂದು ಕಾದು ಕುಳಿತ ಮಹಾಜನಗಳೆ,

ಈ ತುಂಬಿದ ಸಭೆಯಲ್ಲಿ (ಹಾಜರಿರುವವರು: ನಾನು, ಒಂದು ಫ್ಯಾನು, ಫ್ಯಾನಿಗೆ ಕರೆಂಟಿಲ್ಲ) ನಾಲ್ಕು ತಾಲ್ಲೂಕಿನ ಅರವತ್ತು ಮನೆಗಳ ಗಾಳಿಯ ಬಗ್ಗೆ ಎರಡು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ.

ವಿಜಯಶ್ರೀ ಮೇಡಂ ಅವರೆ, ಮೇಲಿನದು ಅಭ್ಯಾಸಬಲ, ಮನ್ನಿಸಿ. ಕನ್ನಡ ಎಂ.ಎ. ಮಾಡಿದ ನನಗೆ ಇಪ್ಪತ್ತು ವರ್ಷ ಸಿಕ್ಕಿದ್ದು ಕಾರ್ಯಕ್ರಮ ನಿರೂಪಣೆಯ ಕೆಲಸ. ಮೈಕು ಇಲ್ಲದಿದ್ದರೂ ಬಾಯಿ ತಾನಾಗಿ ತೆರೆಯುತ್ತದೆ. ಫಿಲ್ಮುಗಳನ್ನು ಅಂಚೆಯಲ್ಲೇ ಕಳಿಸಬೇಕು, ಪ್ರತಿ ಪೊಟ್ಟಣದ ಜೊತೆ ಕೈಬರಹದ ವರದಿ ಇರಬೇಕು ಎಂದಿದ್ದೀರಿ. ಒಳ್ಳೆಯದಾಯಿತು. ಫೋನಿನಲ್ಲಿ ಪ್ರಾಸ ನಿಲ್ಲುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ಗಾಳಿ ಅಳೆಯುವ ಫಿಲ್ಮಿನ ಡಬ್ಬಿ ತೂಗುಹಾಕಿ ಮುಗಿಯಿತು. ಮಣ್ಣಿನ ಮಾಳಿಗೆ ಇಪ್ಪತ್ತೆರಡು, ಕಲ್ಲಿನ ಮನೆ ಹದಿನಾಲ್ಕು, ಸ್ಲ್ಯಾಬಿನ ಮನೆ ಹದಿನೆಂಟು, ತಗಡಿನವು ಆರು. ನೆಲದಿಂದ ರೇಡಾನ್ ಎಂಬ ಅನಿಲ ಏಳುತ್ತದೆ, ಮುಚ್ಚಿದ ಮನೆಯಲ್ಲಿ ಕೂಡಿಕೊಳ್ಳುತ್ತದೆ, ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ: ನೀವು ಕಲಿಸಿದ ಇಷ್ಟನ್ನು ಪ್ರತಿ ಮನೆಯಲ್ಲೂ ಒಪ್ಪಿಸಿದೆ. ಹೊರ್ತಿಯ ಬಂದಗಿಸಾಬ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ:

“ಗಾಳಿಗೂ ಮೀಟರ್ ಹಚ್ಚಾಕತ್ರಿ? ಬಿಲ್ ಯಾವಾಗ ಬರ್ತೈತ್ರಿ?”

“ಬಿಲ್ ಇಲ್ರಿ ಕಾಕಾ, ಅಳಿಯೂದಷ್ಟ.”

“ಕರೆಂಟಿನವರೂ ಮೊದಲ ಹಿಂಗ ಅಂದಿದ್ರು.”

ರೇಡಾನನ್ನು ಜನರಿಗೆ ತಿಳಿಸಲು ಒಂದು ಪದ್ಯ ಕಟ್ಟಿದ್ದೇನೆ:

ಬಣ್ಣವಿಲ್ಲ ವಾಸನಿಲ್ಲ, ಬಂದು ಕುಂತರು ಸಪ್ಪಳಿಲ್ಲ,
ಬಾಗಿಲು ಹಾಕಿದರೆ ಬಿಡುವುದಿಲ್ಲ, ಕಿಟಕಿ ತೆಗೆದರೆ ನಿಲ್ಲುವುದಿಲ್ಲ.

ಎಲ್ಲ ಮನೆಯಲ್ಲೂ ಕೊನೆಗೆ ಒಂದೇ ಮಾತು ಹೇಳಿ ಬಂದಿದ್ದೇನೆ: “ಪರರ ಸಾಮಾನು, ಜೋಪಾನ.” ಮನೆಗೊಂದರಂತೆ ತುಂಬಿದ ಅರವತ್ತು ಅರ್ಜಿಗಳು ಇದರೊಂದಿಗಿವೆ.

ಇಂತಿ,
ಯುನೂಸ, ಕ್ಷೇತ್ರ ಸಹಾಯಕ

*

ಮೈಸೂರು
೨೬ ಜೂನ್ ೨೦೨೩

ಶ್ರೀ ಯುನೂಸ ಅವರಿಗೆ,

ಅರ್ಜಿಗಳು ತಲುಪಿವೆ. ಐವತ್ತೊಂಬತ್ತು ಸರಿಯಾಗಿವೆ. ಮನೆ ಸಂಖ್ಯೆ ೧೪, ಮೋರಟಗಿ, ಇದರಲ್ಲಿ ಒಂಬತ್ತನೆಯ ಕಾಲಂ ಖಾಲಿ ಇದೆ: ‘ಸಮೀಕ್ಷೆ ಮಾಡುವವರಿಗೂ ಮನೆಯವರಿಗೂ ಇರುವ ಸಂಬಂಧ’. ಉಳಿದೆಡೆ ‘ಇಲ್ಲ’ ಎಂದು ಬರೆದಿದ್ದೀರಿ. ಇಲ್ಲಿಯೂ ತುಂಬಿ ಕಳುಹಿಸಿ.

ವರದಿಯಲ್ಲಿ ಪದ್ಯ ಬೇಡ.

ವಿಜಯಶ್ರೀ

*

ಸಿಂದಗಿ
೧೮ ಸೆಪ್ಟೆಂಬರ್ ೨೦೨೩

ಪದ್ಯಕ್ಕೆ ಪ್ರವೇಶವಿಲ್ಲದ ಸಭೆಯ ಅಧ್ಯಕ್ಷರೆ,

ಮೂರು ತಿಂಗಳು ತುಂಬಿತು. ಅರವತ್ತು ಫಿಲ್ಮು ಇದರೊಂದಿಗಿವೆ. ನಿಮ್ಮ ಪತ್ರದಲ್ಲಿ ಇಪ್ಪತ್ತು ಚಿಲ್ಲರೆ ಪದಗಳಿದ್ದವು ಎಂದು ನನ್ನ ಅಂದಾಜು. ಮೈಸೂರಿನಲ್ಲಿ ಪದಕ್ಕೆ ರೇಶನ್ ಇದೆಯೆಂದು ಗೊತ್ತಿರಲಿಲ್ಲ.

ಮನೆ ೧೪ರ ಬಗ್ಗೆ ನಾಲ್ಕು ಸಾಲು ಹೆಚ್ಚು ಬರೆಯುತ್ತೇನೆ, ಸಹಿಸಿಕೊಳ್ಳಿ. ಅಲ್ಲಿರುವವಳು ಜನ್ನತಬಿ ಎಂಬ ಅಜ್ಜಿ. ವಯಸ್ಸು ಎಪ್ಪತ್ತೆರಡು, ಕಿವಿ ಇಪ್ಪತ್ತೆರಡರದು. ಮೂರಡಿ ದಪ್ಪದ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಸಾರಿಸಿದ ನೆಲ. ಒಬ್ಬ ಮಗನಿದ್ದಾನೆ, ಬೇರೆ ಕಡೆ ಇರುತ್ತಾನೆ. ಓದಿದವನು, ಆದ್ದರಿಂದ ಮನೆಗೆ ಅವನಿಂದ ಉಪಯೋಗ ಕಡಿಮೆ. ಮಳೆ ಒಳಗೆ ಬೀಳುತ್ತದೆಂದು ಮಾಳಿಗೆಯ ಬೆಳಕಿಂಡಿಗೆ ತಗಡು ಬಡಿದದ್ದೊಂದೇ ಆತನ ಕೊಡುಗೆ.

ಡಬ್ಬಿ ಕೇಳಿದಾಗ ಅಜ್ಜಿ ಒಳಗಿನಿಂದ ತಂದುಕೊಟ್ಟು, ಕೈ ಬಿಡದೆ ಹಿಡಿದುಕೊಂಡೇ ಮಾತಾಡಿದಳು:

“ನಮ್ಮ ಮನಿಯವರಿಗೆ ಎದಿಯಾಗ ಕ್ಯಾನ್ಸರ್ ಆಗಿತ್ತು. ತೀರಿಕೊಂಡು ಆರು ವರ್ಸ ಆತು. ಆಸ್ಪತ್ರಿ ಕಾಗದದಾಗ ‘ಮೂವತ್ತು ವರ್ಸದಿಂದ ಬೀಡಿ ಸೇದ್ತಾನ’ ಅಂತ ಬರದಾರ. ಊರ ಮಂದಿ ಅದನ್ನ ಓದಿ, ‘ಮುದುಕ ಕದ್ದು ಸೇದತಿದ್ದ’ ಅಂತಾರ. ನಲವತ್ತು ವರ್ಸ ಬಾಳೇ ಮಾಡೇನಿ, ಅವರ ಬಾಯಿ ವಾಸನಿ ನನಗ ಗೊತ್ತಿಲ್ಲೇನು? ಅವರು ಒಂದ ಬೀಡಿ ಸೇದಿಲ್ಲ. ಈ ಡಬ್ಬಿ ಏನರ ಹೇಳತೈತೆನ ಕೇಳು. ನಾ ಹೋಗೂದ್ರಾಗ ಆ ಅಕ್ಷರ ಅಳಸಬೇಕು.”

“ಡಬ್ಬಿ ಗಾಳಿ ಅಳಿತೈತಿ, ಅಕ್ಷರ ಅಳಸೂದಿಲ್ಲ” ಎಂದೆ.

“ನೀ ಕಲತದ್ದು ಅಕ್ಷರಾನ ಅಲ್ಲೇನು? ಹಂಗಾದ್ರ ನೀನ ಅಳಸು.”

ಆಕೆ ಕೊಟ್ಟ ಚಹಾ ಕುಡಿದು, ಡಬ್ಬಿ ಹಿಡಿದುಕೊಂಡು ಬಂದೆ.

ಯುನೂಸ

ಒಂಬತ್ತನೆಯ ಕಾಲಂ ಮುಂದಿನ ಸಲ ನೋಡೋಣ.

*

ಮೈಸೂರು
೩೦ ಅಕ್ಟೋಬರ್ ೨೦೨೩

ಶ್ರೀ ಯುನೂಸ ಅವರಿಗೆ,

ಫಿಲ್ಮುಗಳನ್ನು ಕ್ಷಾರದಲ್ಲಿ ನೆನೆಸಿ, ರೇಡಾನಿನ ಕಿರಣಗಳು ಕೊರೆದ ತೂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದ್ದೇವೆ. ಮನೆ ೧೪ ಬಿಟ್ಟು, ನೀವು ಡಬ್ಬಿ ಕಟ್ಟಿದ ಮಣ್ಣಿನ ಮನೆಗಳ ಸರಾಸರಿ ಘನಮೀಟರ್ ಗಾಳಿಗೆ ೬೧ ಬೆಕೆರೆಲ್, ಸ್ಲ್ಯಾಬಿನ ಮನೆಗಳದ್ದು ೩೮. ಮಣ್ಣಿನ ನೆಲ, ಕಡಿಮೆ ಕಿಟಕಿ. ಹಾಗಾಗಿ ಈ ವ್ಯತ್ಯಾಸ ನಿರೀಕ್ಷಿತ. ನೂರರ ಒಳಗಿದ್ದರೆ ಒಳ್ಳೆಯದು, ಮುನ್ನೂರು ದಾಟಬಾರದು ಎಂಬುದು ನಾವು ಹಿಡಿದಿರುವ ಅಳತೆ.

ಮನೆ ೧೪: ೧,೮೬೦.

ನಿಮ್ಮದು ಕರಿಕಲ್ಲಿನ ಸೀಮೆ, ಅದರಿಂದ ರೇಡಾನ್ ಏಳುವುದು ಕಡಿಮೆ. ಆ ನೆಲದ ಮೇಲೆ, ವಾಸದ ಕೋಣೆಯಲ್ಲಿ, ಈ ಸಂಖ್ಯೆ ಬರುವುದಿಲ್ಲ. ಮೂರು ಸಲ ಎಣಿಸಿದೆ. ಡಬ್ಬಿಯನ್ನು ಜಂತಿಗೆ ನೀವೇ ಕಟ್ಟಿದಿರಾ? ನಿಮ್ಮ ವರದಿಗಳಲ್ಲಿ ಆ ಒಂದು ಮನೆಯ ಬಗ್ಗೆಯೇ ಸಾಲುಗಳು ಹೆಚ್ಚಿವೆ. ಅಜ್ಜಿಯ ಮೇಲಿನ ಮರುಕದಿಂದ ಯಾರಾದರೂ ಸಂಖ್ಯೆಯನ್ನು ದೊಡ್ಡದು ಮಾಡಲು ಯತ್ನಿಸಿದ್ದರೆ ಈಗಲೇ ತಿಳಿಸಿ. ಒಂದು ಸುಳ್ಳು ಉಳಿದ ಐವತ್ತೊಂಬತ್ತು ನಿಜಗಳನ್ನು ಕೆಡಿಸುತ್ತದೆ.

ಒಂಬತ್ತನೆಯ ಕಾಲಂ ಇನ್ನೂ ಖಾಲಿ ಇದೆ.

ವಿಜಯಶ್ರೀ

*

ಸಿಂದಗಿ
೮ ನವೆಂಬರ್ ೨೦೨೩

ಮೇಡಂ ಅವರಿಗೆ,

ಈ ಪತ್ರದಲ್ಲಿ ಸಭೆಯಿಲ್ಲ, ಮಾಲೆಯಿಲ್ಲ. ಕಳ್ಳನೆನಿಸಿಕೊಂಡವನಿಗೆ ಹಾರ ಯಾಕೆ?

ಡಬ್ಬಿಯನ್ನು ಕಟ್ಟಿದವನು ನಾನೇ. ನಿಮ್ಮ ಪತ್ರ ಓದಿದ ದಿನವೇ ಮೋರಟಗಿಯ ಬಸ್ಸು ಹಿಡಿದೆ. ಅಜ್ಜಿ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು.

“ಡಬ್ಬಿ ಜಂತಿಗೇ ಇತ್ತೋ, ಇಲ್ಲೋ?”

“ಎರಡ ದಿನ ಇತ್ತು.”

“ಆಮ್ಯಾಗ?”

“ಜೋಪಾನ ಇಟ್ಟೆ.”

“ಎಲ್ಲಿ?”

“ನಮ್ಮ ಮನ್ಯಾಗ ಜೋಪಾನ ಅಂದ್ರ ಎಲ್ಲಿಡ್ತಾರ? ಹಗೇವಿನ್ಯಾಗ.”

ನನ್ನ ಬಾಯಿಂದ ಬಿದ್ದ ಒಂದು ಶಬ್ದ ನಿಮ್ಮ ಡಬ್ಬಿಯನ್ನು ಪಾತಾಳಕ್ಕೆ ಇಳಿಸಿದೆ. ಮೈಸೂರಿನವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ, ವಿವರಿಸುತ್ತೇನೆ. ಹಗೇವು ಎಂದರೆ ನೆಲದೊಳಗಿನ ಕಣಜ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಅನೇಕ ಗಣ್ಯರಿಗೆ ಇದರ ಉಲ್ಟಾ. ಒಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಾರೆ. ತೆಗೆಯುವಾಗ ಕಲ್ಲು ಸರಿಸಿ ಒಂದು ದಿನ ಬಿಡಬೇಕು. ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಸೊಂಟಕ್ಕೆ ಹಗ್ಗ ಬಿಗಿದು ಹೀಗೆ ಇಳಿಯುವುದೇ ಜನ್ನತಬಿಯ ಗಂಡ ಮೋದಿನಸಾಬರ ಕಾಯಕವಾಗಿತ್ತು. ಹೊರ್ತಿಯಿಂದ ಮಸೂತಿ ಊರಿನವರೆಗೆ ಹಗೇವು ತೆಗೆಯಬೇಕೆಂದರೆ ಅವರಿಗೇ ಹೇಳಿಕಳಿಸುತ್ತಿದ್ದರಂತೆ. ಈಗ ಜೋಳವೆಲ್ಲ ಚೀಲದಲ್ಲಿ. ಅವರ ಮನೆಯ ಹಗೇವೂ ಖಾಲಿ. ಅದರ ಬಾಯಿ ಒಳಕೋಣೆಯ ನಡುವೆ ಇದೆ. ಎಪ್ಪತ್ತೆರಡರ ಅಜ್ಜಿ ನೆರೆಮನೆಯ ಹಜರಾಬಿಯನ್ನು ಜೊತೆಗೂಡಿಸಿಕೊಂಡು ಆ ಕಲ್ಲು ಸರಿಸಿ, ನಿಮ್ಮ ಡಬ್ಬಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದಳು.

ತಪ್ಪು ನನ್ನ ಮಾತಿನದು. ಸುಳ್ಳು ಯಾರದೂ ಅಲ್ಲ.

ಯುನೂಸ

*

ಮೈಸೂರು
೨೦ ನವೆಂಬರ್ ೨೦೨೩

ಯುನೂಸ ಅವರೆ,

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಪ್ರಶ್ನೆ ನಿಮ್ಮನ್ನು ನೋಯಿಸಿತು.

ಎರಡನೆಯದು, ನಾನು ಮಸೂತಿಯವಳು. ನಮ್ಮ ಮನೆಯಲ್ಲೇ ಎರಡು ಹಗೇವು ಇದ್ದವು. ಆದರೂ ನಿಮ್ಮ ವಿವರಣೆಯನ್ನು ಪೂರ್ತಿ ಓದಿದೆ, ಗಣ್ಯರ ಹೊಟ್ಟೆಯ ಸಾಲನ್ನು ಎರಡು ಸಲ.

ಮೂರನೆಯದು ಕೆಲಸದ ಮಾತು. ದೀಪವನ್ನು ಆರಿಸುವುದು ರೇಡಾನ್ ಅಲ್ಲ, ಇಂಗಾಲದ ಡೈಆಕ್ಸೈಡ್. ರೇಡಾನ್ ದೀಪಕ್ಕೆ ಏನೂ ಮಾಡುವುದಿಲ್ಲ. ಮೋದಿನಸಾಬರ ದೀಪ ಚೆನ್ನಾಗಿ ಉರಿಯುತ್ತಿದ್ದಾಗಲೂ ಅದು ಒಳಗೆ ಇದ್ದಿರಬಹುದು. ಅವರ ಕಾಲದ ಅತಿ ಎಚ್ಚರದ ಮನುಷ್ಯ ಕೂಡ ಅದನ್ನು ಕಾಣುವಂತಿರಲಿಲ್ಲ. ಆದರೆ ಹಗೇವಿನಲ್ಲಿ ಅವರು ಇರುತ್ತಿದ್ದುದು ದಿನಕ್ಕೆ ಕೆಲವೇ ಹೊತ್ತು. ನನಗೆ ಹೆಚ್ಚು ಚಿಂತೆ ಅದರ ಮೇಲಿನ ಕೋಣೆಯದ್ದು. ಅಲ್ಲಿ ಯಾರು ಮಲಗುತ್ತಿದ್ದರು? ಎಷ್ಟು ವರ್ಷ? ಈಗ ಯಾರು ಮಲಗುತ್ತಾರೆ? ಹೊಸ ಡಬ್ಬಿ ಕಳಿಸಿದ್ದೇನೆ. ಒಳಕೋಣೆಯ ಜಂತಿಗೆ ಕಟ್ಟಿ. ‘ಜೋಪಾನ’ ಎನ್ನಬೇಡಿ.

ಇನ್ನೊಂದು. ಆಸ್ಪತ್ರೆಯವರು ಬೀಡಿಯ ವಿಷಯವನ್ನು ತಾವಾಗಿ ಬರೆಯುವುದಿಲ್ಲ, ಕೇಳಿ ಬರೆಯುತ್ತಾರೆ. ಹೇಳಿದವರು ಯಾರು?

ಅಜ್ಜಿ ನಿಮ್ಮನ್ನು ಏಕವಚನದಲ್ಲಿ ಗದರಿಸುವ ಸಲಿಗೆ ನನಗೆ ಇಷ್ಟವಾಯಿತು. ನನ್ನ ಹದಿನಾರು ವರ್ಷದ ಕೆಲಸದಲ್ಲಿ ಡಬ್ಬಿಯನ್ನು ಹಿಡಿದುಕೊಂಡು ‘ಇದು ಏನು ಹೇಳುತ್ತದೆ ಕೇಳು’ ಎಂದವರು ಬೇರೆ ಯಾರೂ ಇಲ್ಲ.

ವಿಜಯಶ್ರೀ

*

ಸಿಂದಗಿ
೨೬ ಫೆಬ್ರವರಿ ೨೦೨೪

ಮಸೂತಿಯ ಮಗಳಾದ ಅಧ್ಯಕ್ಷರೆ, ಹಗೇವಿನ ಮುಂದೆ ಹಗೇವನ್ನು ವಿವರಿಸಿದ ನಿರೂಪಕನನ್ನು ಕ್ಷಮಿಸಿದ ಮಹಾಜನಗಳೆ,

ಒಳಕೋಣೆಯ ಫಿಲ್ಮು ಇದರೊಂದಿಗಿದೆ. ಇದು ಮೂರು ತಿಂಗಳೂ ಜಂತಿಗೇ ಇತ್ತು, ಹಜರಾಬಿ ಸಾಕ್ಷಿ.

ನಿಮ್ಮ ಪ್ರಶ್ನೆಗಳಿಗೆ ಉತ್ತರ: ಗಂಡಹೆಂಡತಿ ಇಬ್ಬರೂ ನಲವತ್ತು ವರ್ಷ ಆ ಕೋಣೆಯಲ್ಲೇ ಮಲಗಿದರು. ಬೇಸಿಗೆಯಲ್ಲಿ ಮೋದಿನಸಾಬರು ಹಗೇವಿನ ಬಾಯಿಗಲ್ಲಿನ ಪಕ್ಕದಲ್ಲೇ ಹಾಸಿಕೊಳ್ಳುತ್ತಿದ್ದರಂತೆ, ತಂಪೆಂದು. ಜನ್ನತಬಿ ಈಗಲೂ ಅಲ್ಲೇ ಮಲಗುತ್ತಾಳೆ. ಪಡಸಾಲೆಗೆ ಬಾ ಎಂದು ಬೇಡಿಕೊಂಡರೆ, “ಅವರ ಜಾಗಾ ಬಿಟ್ಟು ಬಂದ್ರ, ಬೀಡಿ ಮಾತು ನಾನೂ ನಂಬಿದಂಗ ಆತು” ಎನ್ನುತ್ತಾಳೆ. ಗಾಳಿಗೂ ಬೀಡಿಗೂ ಆಕೆ ಹಾಕಿದ ಈ ಗಂಟನ್ನು ಬಿಚ್ಚಲು ನನಗೆ ಬರಲಿಲ್ಲ. ಆಕೆಯ ಹಟ ಕಂಡರೆ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಎದ್ದು ನಿಂತು ಕೈಮುಗಿಯಬೇಕು ಎನಿಸುತ್ತದೆ.

ಆದರೆ ವರದಿಗಾರ ಎರಡೂ ಕಡೆ ಬರೆಯಬೇಕು. ಮೋದಿನಸಾಬರ ಅಂಗಿಯ ಕಿಸೆಯಲ್ಲಿ ದಿನವೂ ಒಂದು ಕಟ್ಟು ಬೀಡಿ, ಒಂದು ಕಡ್ಡಿಪೆಟ್ಟಿಗೆ ಇರುತ್ತಿದ್ದವು. ಇದನ್ನು ಮಗ ಸಣ್ಣಂದಿನಿಂದ ಕಣ್ಣಾರೆ ಕಂಡಿದ್ದಾನೆ. ಸಂಜೆ ಮನೆಗೆ ಬಂದರೆ ಅಂಗಿಗೆ ಹೊಗೆಯ ವಾಸನೆ. ಆದ್ದರಿಂದ ಅಜ್ಜಿಯದು ಪ್ರೀತಿಯ ಮಾತು, ಪುರಾವೆಯ ಮಾತಲ್ಲ ಎಂದು ನನ್ನ ಅಭಿಪ್ರಾಯ. ಆಸ್ಪತ್ರೆಯಲ್ಲಿ ಹೇಳಿದವರು ಯಾರೆಂದು ಗೊತ್ತಾಗಲಿಲ್ಲ. ಯಾರೋ ಜೊತೆಗೆ ಹೋದವರು ಇರಬೇಕು.

ಯುನೂಸ

*

ಮೈಸೂರು
೩ ಏಪ್ರಿಲ್ ೨೦೨೪

ಯುನೂಸ ಅಣ್ಣಾರ,

ಒಳಕೋಣೆ: ೪೧೨. ಹಗೇವಿನಷ್ಟಿಲ್ಲ, ಆದರೆ ಇರಬಾರದಷ್ಟಿದೆ. ಜನ್ನತಬಿಯವರು ಅಲ್ಲಿ ಹಾಗೇ ಮಲಗುವುದು ಬೇಡ.

ನಿಮ್ಮ ಪತ್ರವನ್ನು ನಮ್ಮ ಅವ್ವನಿಗೆ ಓದಿ ಹೇಳಿದೆ. ಹೆಸರು ಚನ್ನವ್ವ, ಈಗ ನನ್ನ ಜೊತೆಗಿದ್ದಾಳೆ. ಬೀಡಿಯ ಕಟ್ಟಿನ ಸಾಲು ಬಂದ ಕೂಡಲೇ ನಕ್ಕಳು. ಅವಳ ಮಾತನ್ನು ಹಾಗೇ ಬರೆಯುತ್ತೇನೆ:

“ಹಗೇವಿಗೆ ಇಳಿಯವ್ರು ತಮಗಂತ ಬೀಡಿ ಒಯ್ತಾರೇನ, ಹುಚ್ಚಿ? ಅದು ಮ್ಯಾಲ ಹಗ್ಗ ಹಿಡದು ನಿಂತವ್ರಿಗೆ. ತನ್ನ ಜೀವ ಹಿಡದವನ ಕೈ ತಂಬಾಕ ಹುಡಕ್ಕೊಂತ ಹಗ್ಗ ಬಿಡಬಾರದು ನೋಡು. ಇಳಿಯೂದಕ್ಕ ಮೊದಲ ಕೈಯಾರ ಕೊಟ್ಟು, ಕಡ್ಡಿ ಕೊರದು, ಆಮ್ಯಾಲ ಇಳೀತಿದ್ರು. ನಮ್ಮ ಮನಿಗೆ ಬರ್ತಿದ್ದವ್ರು ತಾವು ಬರೇ ನೀರ ಕುಡೀತಿದ್ರು.”

ನಿಮ್ಮ ಮನೆ ೧೪ರವರೇ ನಮ್ಮ ಮನೆಗೆ ಬರುತ್ತಿದ್ದರೋ ಬೇರೆಯವರೋ ಅವ್ವನಿಗೆ ನೆನಪಿಲ್ಲ. ಪದ್ಧತಿ ಮಾತ್ರ ಇದೇ.

ಈಗ ವಿಜ್ಞಾನದ ಮಾತು, ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಬೀಡಿ ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಅದಕ್ಕೆ ರೇಡಾನ್ ಒಂದು ಮುಖ್ಯ ಕಾರಣ. ಆದರೆ ಈ ಒಬ್ಬ ಮನುಷ್ಯನಿಗೆ ಇದರಿಂದಲೇ ಬಂತು ಎಂದು ಯಾವ ಡಬ್ಬಿಯೂ ಹೇಳಲಾರದು. ಆಸ್ಪತ್ರೆಯ ಕಾಗದವನ್ನು ನಾನು ತಿದ್ದಲಾರೆ. ಅಲ್ಲಿ ಹೇಳಿದವರೇ ಹೋಗಿ, ತಪ್ಪು ಹೇಳಿದೆ ಎಂದು ಬರೆದುಕೊಟ್ಟರೆ ಮಾತು ಬೇರೆ.

ಹಗೇವನ್ನು ಮಣ್ಣು ತುಂಬಿ, ದಿಮ್ಮಸಿನಿಂದ ಬಡಿದು ಗಟ್ಟಿಮಾಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ ಕಾಂಕ್ರೀಟ್ ಹಾಕಿಸಿ. ಆಮೇಲೆ:

ಬೆಳಕಿಂಡಿಯ ತಗಡು ತೆಗೆಯಿರಿ,
ನೆಲದ ಬಿರುಕೆಲ್ಲ ಬಿಗಿಯಿರಿ.

ಇದು ಪ್ರಾಸ ಎನಿಸಿಕೊಳ್ಳುತ್ತದೆಯೋ ಇಲ್ಲವೋ, ಬಲ್ಲವರು ಹೇಳಬೇಕು.

ವಿಜಯಶ್ರೀ

*

ಮೈಸೂರು
೧೦ ಜೂನ್ ೨೦೨೪

ಯುನೂಸ ಅಣ್ಣಾರ,

ಎರಡು ತಿಂಗಳಾಯಿತು, ಉತ್ತರವಿಲ್ಲ. ನನ್ನ ಪ್ರಾಸ ಅಷ್ಟು ಕೆಟ್ಟದಾಗಿತ್ತೆ?

ವರದಿ ಮುಗಿಸಬೇಕು. ಅದರಲ್ಲಿ ಮನೆ ೧೪ರ ತಂಬಾಕಿನ ಕಾಲಮಿನಲ್ಲಿ ‘ಸೇದುವವರು ಯಾರೂ ಇಲ್ಲ’ ಎಂದು ಬರೆಯಲು ನನಗೆ ಧೈರ್ಯವಿದೆ. ಒಂಬತ್ತನೆಯ ಕಾಲಂ ಮಾತ್ರ ನಾನು ತುಂಬುವಂತಿಲ್ಲ. ನಿಮ್ಮ ಪೂರ್ತಿ ಹೆಸರು ನನ್ನ ಫೈಲಿನಲ್ಲಿದೆ, ಆದರೂ ತುಂಬುವಂತಿಲ್ಲ. ಅದು ನಿಮ್ಮ ಕೈಬರಹದಲ್ಲೇ ಬರಬೇಕು.

ಅವ್ವ ಕೇಳುತ್ತಿದ್ದಾಳೆ: “ಆ ಮುದಿಕಿ ಹೊರಗ ಮಲಗಾಕತ್ತಾಳೇನು?”

ವಿಜಯಶ್ರೀ

*

ಸಿಂದಗಿ
೧೨ ಆಗಸ್ಟ್ ೨೦೨೪

ಸನ್ಮಾನ್ಯ ಅಧ್ಯಕ್ಷರೆ, ಗಣ್ಯರೆ, ಚನ್ನವ್ವನವರೆ, ತಡವಾಗಿ ಬಂದ ನಿರೂಪಕನಿಗಾಗಿ ಕಾದು ಕುಳಿತ ಮಹಾಜನಗಳೆ,

ಪ್ರಾಸ ಚೆನ್ನಾಗಿತ್ತು. ತಡಕ್ಕೆ ಕಾರಣ ಅದಲ್ಲ.

ಮನೆ ೧೪ರ ಹಗೇವು ಮುಚ್ಚಿದ್ದು ಮೇ ಮೊದಲ ವಾರ. ಅಜ್ಜಿ ಒಂದು ಷರತ್ತು ಹಾಕಿದಳು. ಮುಚ್ಚುವ ಮೊದಲು ಪದ್ಧತಿಯಂತೆ ಕಲ್ಲು ಸರಿಸಿ ಒಂದು ದಿನ ಬಿಡಬೇಕು, ದೀಪ ಇಳಿಸಬೇಕು. ಇಳಿಯುವವರೇ ಇಲ್ಲವಲ್ಲ ಎಂದರೆ, “ಇಳದವ್ರ ಮರ್ಯಾದಿಗೆ” ಎಂದಳು. ದೀಪ ತಳ ಮುಟ್ಟಿತು, ಉರಿಯುತ್ತಲೇ ಇತ್ತು. ಗೈಬುಸಾಬನ ಮಗ ರಮಜಾನ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದಿದ್ದ. ಗೈಬುಸಾಬ, ಮೋದಿನಸಾಬರ ಹಗ್ಗ ಹಿಡಿಯುತ್ತಿದ್ದ ಮುದುಕ, ಕೋಲೂರಿಕೊಂಡು ಬಂದು ಬಾಗಿಲಲ್ಲಿ ಕುಳಿತಿದ್ದ. ಅಜ್ಜಿ ಸೆರಗಿನ ಗಂಟಿನಿಂದ ಒಂದು ಕಟ್ಟು ಬೀಡಿ ತೆಗೆದು ಅವನ ಕೈಗಿಟ್ಟಳು, ಕಡ್ಡಿ ಕೊರೆದಳು.

“ಇನ್ನ ಯಾಕ ಬೇ? ಇಳಿಯೂ ದಣಿ ಹೋಗ್ಯಾನ” ಎಂದ ಗೈಬುಸಾಬ.

“ಇವತ್ತಿಗೆ ಹಗ್ಗ ಬಿಡಾಕ. ಹಚ್ಚು.”

ಮುದುಕ ಹಚ್ಚಲಿಲ್ಲ. ಕಟ್ಟನ್ನು ಎದೆಗೆ ಹಿಡಿದುಕೊಂಡು ಕುಳಿತ. “ಮೂವತ್ತು ವರ್ಸ ನಮಗ ಸೇದಿಸಿದ. ತಾ ಒಂದ ದಿನ ಸೇದಲಿಲ್ಲ. ವಾಸನಿ ಬಂದ್ರ ಮುಖ ತಿರುವತಿದ್ದ” ಎಂದ.

ಆಗ ನಾನು ಅಜ್ಜಿಯನ್ನು ಕೇಳಿದೆ: “ಆ ಬೀಡಿ ಇವರಿಗಂತ ಮೊದಲ ಯಾಕ ಹೇಳಲಿಲ್ಲ?”

“ನೀ ಕೇಳಿದ್ದೇನ, ಯುನ್ಯಾ?”

ಕೇಳಿರಲಿಲ್ಲ. ನಂತರ ಡಬ್ಬಿಯ ಮಾತೂ ಬಂತು. ಜೋಪಾನ ಎಂಬ ಶಬ್ದಕ್ಕೆ ಆಕೆ ಮೋಸಹೋಗಿರಲಿಲ್ಲ ಮೇಡಂ. ಮೋಸಹೋದವರು ನೀವು ಮತ್ತು ನಾನು. “ನೀ ಜಂತಿಗೆ ಕಟ್ಟಿದಿ. ಅವರು ಜಂತಿಗೆ ಜೋತಾಡತಿದ್ರೇನ? ಅವರು ಉಸರಾಡಿದ ಜಾಗಾ ಅದು. ಅವರ ಹಗ್ಗಕ್ಕ ಕಟ್ಟಿ ಬಿಟ್ಟೆ, ಅಳೀಲಿ ಅಂತ. ಖರೆ ಹೇಳಿದ್ರ ನೀ ತಗದ ಬಿಡ್ತಿದ್ದಿ” ಎಂದಳು. ಸಾಲಿಯ ಮೆಟ್ಟಿಲು ಹತ್ತದವಳು ಪ್ರಯೋಗ ಮಾಡಿದಳು, ಎಂ.ಎ. ಮಾಡಿದವನು ಪೋಸ್ಟ್ ಮಾಡಿದ. ಈ ಸಮೀಕ್ಷೆಯಲ್ಲಿ ವಿಜ್ಞಾನಿ ಎಂದು ಯಾರ ಹೆಸರಾದರೂ ಹಾಕುವುದಿದ್ದರೆ ನಿಮ್ಮ ಹೆಸರಿನ ಪಕ್ಕದಲ್ಲಿ ಆಕೆಯದನ್ನು ಹಾಕಿ.

ಬೆಳಕಿಂಡಿಯ ತಗಡು ತೆಗೆದಾಯಿತು. ಈಗ ಮಳೆ ಒಳಗೆ ಬೀಳುತ್ತದೆ, ಒಂದು ಬೋಗುಣಿ ಇಟ್ಟಿದ್ದಾಳೆ. ನೆಲ ಗಟ್ಟಿಯಾದಂದಿನಿಂದ ಮತ್ತೆ ಒಳಕೋಣೆಯಲ್ಲೇ ಮಲಗುತ್ತಾಳೆ, ಚನ್ನವ್ವನವರಿಗೆ ತಿಳಿಸಿ. ಮೇಯಿಂದ ಆಗಸ್ಟ್‌ವರೆಗಿನ ಫಿಲ್ಮು ಇದರೊಂದಿಗಿದೆ. ಎಣಿಸುವಾಗ ನಿಮ್ಮ ಕಣ್ಣಿಗೆ ತೂತು ಕಡಿಮೆ ಬೀಳಲಿ ಎಂದು ಹಾರೈಸುತ್ತ, ಮನೆ ೧೪ರ ಅಜ್ಜಿಯ ಪರವಾಗಿ ವಂದನಾರ್ಪಣೆ ಮಾಡಬೇಕಾಗಿದ್ದ ನಾನು

ಸಭೆ ಬರಖಾಸ್ತು, ಮೇಡಂ.

ಒಂಬತ್ತನೆಯ ಕಾಲಂ: ಮಗ.

ನಾಳೆ ಆಸ್ಪತ್ರೆಗೆ ಹೋಗುತ್ತಿದ್ದೇನೆ, ಬರೆದುಕೊಡಲು. ಅವ್ವನಿಗೆ ಇವತ್ತು ಹೇಳಬೇಕು, ಅದಕ್ಕೂ ಮೊದಲು ನಿಮಗೆ ಬರೆದು ಕೈ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಆ ದಿನ ಡಾಕ್ಟರು “ಬೀಡಿ ಸೇದ್ತೀರೇನ್ರಿ?” ಎಂದು ಅಪ್ಪನನ್ನೇ ಕೇಳಿದರು. ಅಪ್ಪ ಬಾಯಿ ತೆರೆದರು, ಕೆಮ್ಮು ಬಂತು. ಆ ಕೆಮ್ಮು ಮುಗಿಯುವವರೆಗೂ ಕಾಯದೆ, ಅವರ ಪಕ್ಕದಲ್ಲಿ ನಿಂತಿದ್ದ ನಾನು “ಹೌದ್ರಿ, ಮೂವತ್ತು ವರ್ಷದಿಂದ” ಎಂದೆ.

ಯುನೂಸ ಮೋದಿನಸಾಬ